ಲೆಕ್ಕಕ್ಕೆ ಬಂದ ಬಿಸಿಲು

ಬೆಂಗಳೂರು
೧೫ ನವೆಂಬರ್ ೧೯೮೭

ಪೂಜ್ಯ ಅಪ್ಪನವರಿಗೆ ಅಮರಮ್ಮನ ಶರಣು.

ದೇವದುರ್ಗದಲ್ಲಿ ಹೊಸ ಅಕ್ಕಿ ಮಿಲ್ಲಿಗೆ ಜಾಗ ನೋಡಿದ್ದೀರಿ ಎಂದು ಅವ್ವ ಬರೆದಿದ್ದಾಳೆ. ನೀವೇ ಬರೆಯಬಹುದಿತ್ತು. ಮಾನ್ವಿಯ ಮಿಲ್ಲು ಕಟ್ಟುವಾಗ ಇಟ್ಟಿಗೆ ಎಣಿಸಲು ನನ್ನನ್ನು ಕೂರಿಸಿದವರು, ಇದಕ್ಕೆ ಒಂದು ಕಾರ್ಡೂ ಹಾಕಲಿಲ್ಲ.

ನನ್ನ ಕಡೆಯಿಂದಲೂ ಸುದ್ದಿಯಿದೆ. ಎಂಟನೆಯ ಪಂಚವಾರ್ಷಿಕ ಯೋಜನೆಗಾಗಿ ರಾಜ್ಯದ ಇಡೀ ಆರ್ಥಿಕ ವ್ಯವಸ್ಥೆಯ ಮಾದರಿಯೊಂದನ್ನು ಸಿದ್ಧಪಡಿಸುವ ಕೆಲಸ ನಮ್ಮ ಸಂಸ್ಥೆಗೆ ಬಂದಿದೆ. ಕೃಷಿಯ ಭಾಗ ನನ್ನದು. ಮಾದರಿ ಅಂದರೇನು ಎಂದು ನೀವು ಕೇಳಿಯೇ ಕೇಳುತ್ತೀರಿ. ನಮ್ಮ ಮಿಲ್ಲನ್ನೇ ತೆಗೆದುಕೊಳ್ಳಿ. ಕಾಲುವೆಗೆ ನೀರು ಬಂದರೆ ಭತ್ತ. ಭತ್ತ ಬಂದರೆ ಲಾರಿ, ಡೀಸೆಲ್, ಗೋಣಿಚೀಲ, ಹಮಾಲರು. ಹಮಾಲರ ಕೈಗೆ ಕೂಲಿ ಬಂದರೆ ಸಂತೆಯ ಬಟ್ಟೆ ಅಂಗಡಿ. ಅಂಗಡಿ ನಡೆದರೆ ಎಲ್ಲೋ ಒಂದು ಮಗ್ಗ ಆಡುತ್ತದೆ. ಒಂದು ಎಳೆಯನ್ನು ಜಗ್ಗಿದರೆ ಉಳಿದ ಯಾವ ಎಳೆ ಎಷ್ಟು ಜಗ್ಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಕೂರಿಸಿ ಗಣಕಯಂತ್ರಕ್ಕೆ ಕೊಡುತ್ತೇವೆ. ಅಷ್ಟೇ.

ಮಾದರಿಯೆಂಬ ಈ ಮನೆಯೊಳಗೆ ಎಲ್ಲರಿಗೂ ಜಾಗವಿದೆ, ಮಳೆ ಬಿಸಿಲಿಗೆ ಮಾತ್ರ ಇಲ್ಲ. ಅವು ಹೊರಗಿನವು. ಪ್ರತಿ ವರ್ಷಕ್ಕೂ ಸರಾಸರಿ ಮಳೆ ಎಂದು ಹಾಕಿ ಮುಂದೆ ಹೋಗುತ್ತಾರೆ. ಈ ವರ್ಷದಂಥ ಬರ ಬಂದರೆ ‘ಆಘಾತ’ ಎಂದು ಬರೆದು, ಮರುವರ್ಷ ಏನೂ ಆಗಿಲ್ಲವೆಂಬಂತೆ ಲೆಕ್ಕ ಶುರುಮಾಡುತ್ತಾರೆ. ಎತ್ತು ಮಾರಿದವನಿಗೆ ಮರುವರ್ಷ ಎತ್ತು ಎಲ್ಲಿಂದ ಬಂತು, ಗುಳೆ ಹೋದವರು ಬಿತ್ತಲು ಯಾವಾಗ ಬಂದರು, ಅದು ಯಾರಿಗೂ ಬೇಕಿಲ್ಲ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಲ್ಲಿರುವ ಅನಿಲ ಗಾಳಿಯಲ್ಲಿ ಸೇರುತ್ತ ಹೋಗಿ ಭೂಮಿಗೆ ಕಂಬಳಿ ಹೊದಿಸಿದಂತಾಗಿದೆ, ಕಾವು ಹೊರಗೆ ಹೋಗುತ್ತಿಲ್ಲ ಎಂದು ವಿಜ್ಞಾನಿಗಳು ಬರೆಯುತ್ತಿದ್ದಾರೆ. ಅದು ನಿಜವಾದರೆ ನಿನ್ನೆಯ ಸರಾಸರಿ ನಾಳೆಗೆ ಒದಗುವುದಿಲ್ಲ. ಹಾಗಾಗಿ ನಾನು ಈ ಮಾದರಿಯಲ್ಲಿ ಹವೆಗೇ ಒಂದು ಕೋಣೆ ಕಟ್ಟುತ್ತಿದ್ದೇನೆ. ನಮ್ಮ ದೇಶದಲ್ಲಿ ಇದನ್ನು ಇನ್ನೂ ಯಾರೂ ಮಾಡಿದ್ದು ನನಗೆ ತಿಳಿದಿಲ್ಲ. ನನ್ನಿಂದ ಆಗುತ್ತದೆ.

ನಿಮ್ಮ ಮಗಳು,
ಅಮರಮ್ಮ


ಮಾನ್ವಿ
೬ ಡಿಸೆಂಬರ್ ೧೯೮೭

ಚಿ. ಅಮರಮ್ಮನಿಗೆ ಅಪ್ಪ ಗಡಿಗೆಪ್ಪ ಮನಸಾರೆ ಹರಸಿ ಬರೆಯುವುದು.

ನಿನ್ನ ಪತ್ರವನ್ನು ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಅಬ್ದುಲ್ ವಹೀದನಿಗೆ ಓದಿ ಹೇಳಿದೆ. ಕಾಳಿನ ವ್ಯಾಪಾರಿ, ನೀನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಖರ್ಜೂರ ತರುತ್ತಿದ್ದನಲ್ಲ, ಅವನೇ. ಈಗ ದೇವದುರ್ಗದ ಮಿಲ್ಲಿನಲ್ಲಿ ನನ್ನ ಪಾಲುದಾರ. ಎಲ್ಲವನ್ನೂ ಕೇಳಿ, “ಗಡಿಗೆಪ್ಪಣ್ಣ, ನಿಮ್ಮ ಬೇಟಿ ಸೂರ್ಯಗೂ ಲೈಸೆನ್ಸ್ ಕೊಡಾಕತ್ತಾಳೇನು?” ಅಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಸರಕಾರದ ಕೆಲಸ ನಿನ್ನ ಕೈಗೆ ಬಂದಿದೆ ಎಂಬುದನ್ನು ನಗುವವರಿಗೆಲ್ಲ ಎರಡೆರಡು ಸಲ ಹೇಳಿಯೇ ಎದ್ದು ಬಂದೆ.

ದೇವದುರ್ಗದ ಮಾತು. ಕೃಷ್ಣೆಯ ಕಾಲುವೆ ಇಂದಲ್ಲ ನಾಳೆ ಅಲ್ಲಿಗೆ ಬರುತ್ತದೆ. ಬಂದ ದಿನ ಆ ಸೀಮೆಯೆಲ್ಲ ಭತ್ತ. ಮಾನ್ವಿಯೂ ಒಂದು ಕಾಲಕ್ಕೆ ಜೋಳದ ನೆಲವೇ. ತುಂಗಭದ್ರೆಯ ಕಾಲುವೆ ಬರುವ ಮೊದಲೇ ನಿನ್ನಜ್ಜ ಬಂಡಿ ಮಾರಿ ಭತ್ತ ಕುಟ್ಟುವ ಯಂತ್ರ ತಂದಾಗ ಊರೆಲ್ಲ ಆಡಿಕೊಂಡಿತ್ತು. “ನೀರ ಬರೂದಕ್ಕಿಂತ ಮೊದಲ ಕಾಳಿನ ಹಗೇವು ಕಟ್ಟಬೇಕಲೇ” ಎನ್ನುತ್ತಿದ್ದರು ಅವರು. ಧೈರ್ಯ ಮಾಡಿದವನ ಮನೆಗೆ ಭತ್ತ ಬಂತು. ನಾನೂ ಅದನ್ನೇ ಮಾಡುತ್ತಿದ್ದೇನೆ.

ಕಲ್ಲಿದ್ದಲಿನ ಹೊಗೆಯ ಬಗ್ಗೆ ಬರೆದಿದ್ದೀ. ಶಕ್ತಿನಗರದಲ್ಲಿ ಕರೆಂಟು ತಯಾರಾಗಲು ಶುರುವಾದ ಮೇಲೆ ನನ್ನ ಮಿಲ್ಲು ನಿಲ್ಲುವುದು ಕಡಿಮೆಯಾಗಿದೆ. ಅದನ್ನೂ ಬೇಡ ಅನ್ನುತ್ತೀಯಾ? ಉತ್ತರ ಬರೆ. ಜಾಣತನದ ಉತ್ತರ ಬೇಡ, ನೆಟ್ಟಗಿನ ಉತ್ತರ ಬರೆ.

ಆಶೀರ್ವಾದಗಳೊಂದಿಗೆ,
ಗಡಿಗೆಪ್ಪ


ಬೆಂಗಳೂರು
೧೧ ಮಾರ್ಚ್ ೧೯೮೮

ಪೂಜ್ಯ ಅಪ್ಪನವರಿಗೆ ಶರಣು.

ನೆಟ್ಟಗಿನ ಉತ್ತರ ಕೇಳಿದಿರಿ. ತಡವಾದದ್ದು ಲೆಕ್ಕ ಮುಗಿಯದಿದ್ದುದರಿಂದ. ಈಗ ಮುಗಿದಿದೆ.

ಶಕ್ತಿನಗರ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಅದರ ಪೂರ್ತಿ ಬೆಲೆ ಬರೆಯಿರಿ ಎನ್ನುತ್ತೇನೆ. ಕಲ್ಲಿದ್ದಲಿನ ಬೆಲೆ ಬರೆಯುತ್ತೇವೆ, ವ್ಯಾಗನ್ನಿನ ಬಾಡಿಗೆ ಬರೆಯುತ್ತೇವೆ. ಗಾಳಿಗೆ ಬಿಟ್ಟದ್ದನ್ನು ಯಾರ ಖಾತೆಗೂ ಬರೆಯುವುದಿಲ್ಲ. ಖಾತೆಗೆ ಬರೆಯದಿದ್ದರೆ ವಸ್ತು ಅಗ್ಗವಾಗಿ ಕಾಣುತ್ತದೆ, ಅಗ್ಗವಾಗಿ ಕಂಡದ್ದನ್ನು ಜನ ಹೆಚ್ಚು ಬಳಸುತ್ತಾರೆ. ವ್ಯಾಪಾರ ಮಾಡಿದ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದೂ ನೆಟ್ಟಗೆಯೇ ಹೇಳುತ್ತೇನೆ. ದೇವದುರ್ಗದಲ್ಲಿ ಅಕ್ಕಿ ಮಿಲ್ಲು ಕಟ್ಟಬೇಡಿ. ಕಾಲುವೆ ಬರುವುದಿಲ್ಲ ಎಂದಲ್ಲ, ಬರುತ್ತದೆ. ಆದರೆ ಅದರಲ್ಲಿ ಪ್ರತಿ ವರ್ಷ ತುಂಬು ನೀರು ಹರಿಯುತ್ತದೆ ಎಂದು ಹಾಕಿದ ಲೆಕ್ಕ ಹಳೆಯ ಸರಾಸರಿಯ ಮೇಲೆ ನಿಂತಿದೆ. ಮಳೆ ಒಂದು ವರ್ಷ ಸುರಿದು ಮೂರು ವರ್ಷ ಕೈಕೊಡುವ ಕಡೆಗೆ ವಾಲಿದರೆ ಕೊನೆಯ ಹೊಲಗಳಿಗೆ ನೀರು ಸಿಗದು. ಬೇಸಿಗೆಯ ಭತ್ತದ್ದು ಬೇರೆಯೇ ಕಥೆ. ಹೂವಾಡುವ ಹೊತ್ತಿಗೆ ಬಿಸಿಲು ಮಿತಿಮೀರಿದರೆ ತೆನೆ ನೋಡಲು ಚೆಂದ, ಒಳಗೆ ಜೊಳ್ಳು. ಕಾವು ಸ್ವಲ್ಪ ಏರಿಸಿ ಗಣಕಯಂತ್ರ ಓಡಿಸಿದಾಗಲೆಲ್ಲ ಮೊದಲು ಬಾಗುವುದು ನಮ್ಮ ಜಿಲ್ಲೆಯ ಎರಡನೆಯ ಬೆಳೆಯೇ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಈ ಕೋಣೆ ಇಷ್ಟವಾಗಿಲ್ಲ. “ಅಮರಮ್ಮ, ಹವೆ ನೋಡೋದಕ್ಕೆ ಬೇರೆ ಇಲಾಖೆ ಇದೆ. ನಾವು ಅರ್ಥಶಾಸ್ತ್ರದವರು” ಅಂದರು. “ಹವೆ ನಮ್ಮ ಅಂಕಿಗಳನ್ನ ಬದಲಾಯಿಸುತ್ತೆ ಅಂದ್ರೆ ಅದು ನಮ್ಮ ವಿಷಯಾನೇ ಸರ್” ಅಂದೆ. ಅವರು ಕೊನೆಗೆ ಒಂದು ಷರತ್ತು ಹಾಕಿದರು. ಮಳೆಗಾಲ ಮುಗಿದ ಮೇಲೆ ರಾಯಚೂರಿನಲ್ಲಿ ಜಿಲ್ಲೆಯ ರೈತರು, ವ್ಯಾಪಾರಿಗಳು, ಮಿಲ್ಲಿನವರನ್ನು ಕರೆದು ಸಭೆ ಮಾಡುತ್ತಾರೆ. ಅಲ್ಲಿ ನನ್ನ ಅಧ್ಯಾಯವನ್ನು ನಾನೇ ಓದಬೇಕು. ಜನ ನಕ್ಕರೆ ಅಧ್ಯಾಯ ಹೊರಗೆ.

ನಗುವುದಿಲ್ಲ ಅಪ್ಪ. ನನಗೆ ನಂಬಿಕೆಯಿದೆ.

ಅಮರಮ್ಮ


ಮಾನ್ವಿ
೧೦ ಮೇ ೧೯೮೮

ಚಿ. ಅಮರಮ್ಮನಿಗೆ ಆಶೀರ್ವಾದಗಳು.

ಪತ್ರ ಬಂದು ಬಹಳ ದಿನವಾಯಿತು. ದೇವದುರ್ಗದಲ್ಲಿ ಪಾಯ ಹಾಕಿ ಆಗಿದೆ. ವಹೀದನೂ ನಾನೂ ಮಾತು ಕೊಟ್ಟ ಮೇಲೆ ಹಿಂದೆ ಸರಿಯುವವರಲ್ಲ. ನೀನು ಯಂತ್ರದಲ್ಲಿ ಕಾವು ಏರಿಸಿ ನೋಡಿದ್ದೀ. ನಾನು ಅರವತ್ತು ಬೇಸಿಗೆ ಮೈಮೇಲೆ ಕಂಡಿದ್ದೇನೆ.

ಇಲ್ಲಿ ಬೇಸಿಗೆಯ ಭತ್ತ ಬರುತ್ತಿದೆ. ಹವೆ ಬಹಳ ಬಿಸಿ. ಕಣದಲ್ಲಿ ಭತ್ತ ತಿರುವುತ್ತಿದ್ದ ಅಂಬಮ್ಮ ಎಂಬ ಹೆಣ್ಣುಮಗಳು ಮೊನ್ನೆ ಮಧ್ಯಾಹ್ನ ತಲೆಸುತ್ತಿ ಬಿದ್ದಳು. ಆಸ್ಪತ್ರೆಗೆ ತೋರಿಸಿದೆವು. ಈಗ ಪರವಾಗಿಲ್ಲ.

ನಿನ್ನ ಅವ್ವ ಉಪ್ಪಿನಕಾಯಿ ಕಳಿಸುತ್ತಾಳಂತೆ.

ಗಡಿಗೆಪ್ಪ


ಬೆಂಗಳೂರು
೧೮ ಮೇ ೧೯೮೮

ಪೂಜ್ಯ ಅಪ್ಪನವರಿಗೆ ಶರಣು.

ಅಂಬಮ್ಮ ಹೇಗಿದ್ದಾಳೆ? ಯಾವ ಊರಿನವಳು? ಎಷ್ಟು ಹೊತ್ತು ಬಿಸಿಲಲ್ಲಿದ್ದಳು? ‘ಪರವಾಗಿಲ್ಲ’ ಅಂದರೆ ಎದ್ದು ಓಡಾಡುತ್ತಾಳೋ, ಇಲ್ಲವೋ?

ನಿಮ್ಮ ಪತ್ರದ ಆ ನಾಲ್ಕು ಸಾಲು ಓದಿದ ಮೇಲೆ ನನಗೆ ನನ್ನ ಮಾದರಿಯ ಮೇಲೆಯೇ ಸಿಟ್ಟು ಬಂತು. ಬೆಳೆ ಬಿಸಿಲಿಗೆ ಬಾಡುತ್ತದೆ ಎಂದು ಸಮೀಕರಣ ಬರೆದವಳು, ಆಳು ಬಾಡುತ್ತಾನೆ ಎಂದು ಬರೆಯಲಿಲ್ಲ. ದುಡಿಮೆಯ ಅಂಕಣದಲ್ಲಿ ಮನುಷ್ಯ ಡಿಸೆಂಬರಿನಲ್ಲೂ ಅಷ್ಟೇ, ಮೇ ತಿಂಗಳಲ್ಲೂ ಅಷ್ಟೇ. ಹತ್ತಿ ಬಿಡಿಸುವವರು, ಕಾಲುವೆ ಅಗೆಯುವವರು, ಗಂಜಿನ ಹಮಾಲರು, ಇಡೀ ರಾಜ್ಯದ ಅರ್ಧ ದುಡಿಮೆ ಬಯಲಿನಲ್ಲಿ ನಡೆಯುತ್ತದೆ. ಕಾವು ಏರಿದಷ್ಟೂ ಕೆಲಸದ ಗಂಟೆ ಕಡಿಮೆಯಾಗುತ್ತದೆ, ಇಲ್ಲವೇ ಮನುಷ್ಯ ಬೀಳುತ್ತಾನೆ. ಇದನ್ನು ಸೇರಿಸಿ ಎಲ್ಲವನ್ನೂ ಮತ್ತೆ ಓಡಿಸುತ್ತಿದ್ದೇನೆ.

ಅಪ್ಪ, ಕಣದ ಕೆಲಸವನ್ನು ಬೆಳಿಗ್ಗೆ ಬೇಗ ಮತ್ತು ಸಂಜೆಗೆ ಹಾಕಿ. ನಡುಹಗಲು ಬೇಡ. ಸಭೆಯಲ್ಲಿ ಈ ಮಾತು ಹೇಳುವಾಗ ನಾನು ನಮ್ಮ ಮಿಲ್ಲಿನ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ತೆಗೆಯುವುದಿಲ್ಲ. ಆ ಬಗ್ಗೆ ನಿಶ್ಚಿಂತೆಯಿಂದಿರಿ.

ಅಮರಮ್ಮ


ಮಾನ್ವಿ
೩ ಜುಲೈ ೧೯೮೮

ಅಮರಿಗೆ ಅವ್ವ ಬಸವಂತಮ್ಮನ ಮುದ್ದು.

ನಿನ್ನಪ್ಪ ಬರೆಯುತ್ತಾರೆ ಎಂದು ನೀನು ಕಾಯುತ್ತಿರಬಹುದು. ಅವರು ಬರೆಯುವುದಿಲ್ಲ. ಕೇಳಿದರೆ, “ಹೆಸರ ತಗಿಯಂಗಿಲ್ಲ ಅಂತ ಬರದಾಳ. ಹೆಸರ ಮುಚ್ಚಿಡುವಂಥಾದ್ದು ನಾ ಏನ ಮಾಡೀನಿ? ನಾ ಏನ ಕಳ್ಳೇನು?” ಅನ್ನುತ್ತಾರೆ. ನೀನು ಮರ್ಯಾದೆ ಉಳಿಸಲು ಬರೆದದ್ದು, ಅವರಿಗೆ ಅದೇ ಚುಚ್ಚಿತು.

ಅವರು ಬರೆಯದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಅಂಬಮ್ಮ ದೇವದುರ್ಗದ ಕಡೆಯವಳು, ಗಂಡನ ಜೊತೆ ಸುಗ್ಗಿಗೆ ಬಂದವಳು. ಬಿದ್ದಾಗ ಮೈ ಕಾದ ಹೆಂಚಿನಂತಿತ್ತು. ನಿನ್ನಪ್ಪನೇ ಹಸಿ ಗೋಣಿಚೀಲ ಸುತ್ತಿ, ಜೀಪಿನಲ್ಲಿ ಮಲಗಿಸಿಕೊಂಡು ರಾಯಚೂರಿನ ಆಸ್ಪತ್ರೆಗೆ ಒಯ್ದರು. ಅವಳು ಕಣ್ಣು ಬಿಡುವ ತನಕ ವರಾಂಡದಲ್ಲಿ ನಿಂತೇ ಇದ್ದರಂತೆ. ಮನೆಗೆ ಬಂದವರು ಊಟದ ತಾಟಿನ ಮುಂದೆ ಕೂತು ಕೈ ಹಾಕಲಿಲ್ಲ.

“ಕಣ್ಣ ತೆರದಾಕಿ ಏನ ಕೇಳಿದ್ಲು ಗೊತ್ತೇನು?” ಅಂದರು. “ಸಾವ್ಕಾರ್ರ, ಕಣದಾಗಿನ ಭತ್ತ ಬಳದ ರಾಶಿ ಮಾಡಿದ್ರೇನ್ರೀ, ಅಂದ್ಲು.”

ಅಷ್ಟು ಹೇಳಿ ಎದ್ದು ಹೋದರು.

ಮರುದಿನದಿಂದ ನಮ್ಮ ಕಣದಲ್ಲಿ ನಡುಹಗಲು ಕೆಲಸ ಇಲ್ಲ. ನಿನ್ನ ಪತ್ರ ಬಂದದ್ದು ಆಮೇಲೆ. “ಅಕಿ ಹೇಳಿದ್ದಕ್ಕ ಮಾಡಿಲ್ಲ, ಮೊದಲ ಮಾಡೀನಿ, ಅಕಿಗೆ ಬರಿ” ಅಂತ ನನಗೆ ತಾಕೀತು ಮಾಡಿದ್ದಾರೆ. ಬರೆದಿದ್ದೇನೆ. ಅಂಬಮ್ಮ ಊರಿಗೆ ಹೋದಳು. ಬಿಸಿಲಿನ ಕೆಲಸ ಇನ್ನು ಅವಳ ಮೈಗೆ ಆಗುವುದಿಲ್ಲ ಎಂದರಂತೆ ಡಾಕ್ಟರು.

ನೀನು ನಿನ್ನ ಕೆಲಸ ಬಿಡಬೇಡ. ಅವರ ಮೌನಕ್ಕೆ ಹೆದರಬೇಡ. ನಾನು ಇಷ್ಟು ವರ್ಷ ಅದರ ಜೊತೆ ಸಂಸಾರ ಮಾಡಿಲ್ಲವೇ?

ನಿನ್ನ ಅವ್ವ


ಬೆಂಗಳೂರು
೯ ಅಕ್ಟೋಬರ್ ೧೯೮೮

ಅವ್ವಾ,

ರಾಯಚೂರಿಗೆ ಬಂದೂ ಮನೆಗೆ ಬರಲಿಲ್ಲವೆಂದು ಬೈಯಬೇಡ. ಸಭೆ ಮುಗಿದ ಸಂಜೆಯೇ ಮುಖ್ಯಸ್ಥರ ಜೊತೆ ರೈಲು ಹತ್ತಬೇಕಾಯಿತು. ಅಲ್ಲಿ ನಡೆದದ್ದನ್ನು ಅಪ್ಪ ನಿನಗೆ ಹೇಳಿರುವುದಿಲ್ಲ ಎಂದು ಬಲ್ಲೆ. ಆದ್ದರಿಂದ ನಾನು ಹೇಳುತ್ತೇನೆ.

ಸಭಾಂಗಣ ತುಂಬಿತ್ತು. ಸಿರವಾರದ ಮಿಲ್ಲಿನವರು, ಕಲ್ಮಲದ ರೈತರು, ಗಂಜಿನ ವ್ಯಾಪಾರಿಗಳು. ಅಪ್ಪ ಮೂರನೆಯ ಸಾಲಿನಲ್ಲಿ ವಹೀದ್ ಚಾಚಾನ ಪಕ್ಕ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ನಾನು ಕಾಗದ ಮಡಚಿಟ್ಟು, ನಮ್ಮ ಮಾತಿನಲ್ಲೇ ಹೇಳಿದೆ. ಮಳೆ, ಕಾಲುವೆ, ಜೊಳ್ಳು, ಕೊನೆಗೆ ಬಯಲಲ್ಲಿ ದುಡಿಯುವವರ ಮೈ. ಯಾರೂ ನಗಲಿಲ್ಲ. ಆಗ ಅಪ್ಪ ಎದ್ದು ನಿಂತರು.

“ಮೇಡಂ ಅವ್ರಿಗೆ ಒಂದ ಮಾತ ಕೇಳಬೇಕು.”

ನಾನು ಅವರ ಮಗಳೆಂದು ಗೊತ್ತಿದ್ದವರೆಲ್ಲ ಗೊಳ್ಳೆಂದರು. ಅಪ್ಪನ ಮುಖ ಸಡಿಲವಾಗಲಿಲ್ಲ.

“ನಾಳಿ ಮಳಿ ಬರ್ತದೋ ಇಲ್ಲೋ ರೇಡಿಯೋದವ್ರಿಗೇ ಗೊತ್ತಾಗಂಗಿಲ್ಲ. ನೀವು ಮೂವತ್ತ ವರ್ಷ ಮುಂದಿನ ಮಾತ ಹೇಳಾಕತ್ತೀರಿ. ಹೆಂಗ ನಂಬಬೇಕು?”

“ಯಜಮಾನ್ರ, ನಾಳಿ ನಿಮ್ಮ ಮಿಲ್ಲಿಗೆ ಎಷ್ಟ ಲಾರಿ ಬರ್ತಾವ ಹೇಳ್ರಿ” ಅಂದೆ.

“ಅದನ್ನ ಹೆಂಗ ಹೇಳಾಕ ಬರ್ತದ?”

“ಸುಗ್ಗ್ಯಾಗ ಹೆಚ್ಚ ಬರ್ತಾವೋ, ಶ್ರಾವಣದಾಗೋ?”

“ಸುಗ್ಗ್ಯಾಗ.”

“ನಾಳಿ ಲಾರಿ ಗೊತ್ತಿಲ್ಲ, ಸುಗ್ಗಿ ಗೊತ್ತದ. ಸುಗ್ಗಿ ನಂಬಿ ಮಿಲ್ ಕಟ್ಟಿದ್ರಿ. ನಾನೂ ನಾಳಿ ಮಳಿ ಹೇಳಾಕತ್ತಿಲ್ಲರಿ. ಹವಾ ಯಾವ ಕಡಿ ಸರಿಯಾಕತ್ತದ, ಅದನ್ನ ಹೇಳಾಕತ್ತೀನಿ.”

ಅಪ್ಪ ಕೂತರು. ಈಗ ಬೆಂಗಳೂರಿನಿಂದ ಬಂದಿದ್ದ ಯೋಜನಾ ಅಧಿಕಾರಿಯ ಸರದಿ. ಒಳ್ಳೆಯ ಮನುಷ್ಯ, ಆದರೆ ಗಟ್ಟಿ ಪ್ರಶ್ನೆ ಕೇಳಿದರು. “ಮೂವತ್ತು ವರ್ಷ ಆಚೆಗಿನ ನಷ್ಟಾನ ಬಡ್ಡಿ ಕಳೆದು ಇವತ್ತಿನ ಬೆಲೆಗೆ ಇಳಿಸಿದ್ರೆ ಏನೂ ಉಳಿಯಲ್ಲ. ಅದಕ್ಕೋಸ್ಕರ ಇವತ್ತಿನ ಯೋಜನೆ ಯಾಕೆ ಅಲ್ಲಾಡಿಸಬೇಕು?”

“ಆ ಲೆಕ್ಕದಲ್ಲಿ ಮೊಮ್ಮಕ್ಕಳು ಸೊನ್ನೆ ಆಗ್ತಾರೆ ಸರ್” ಅಂದೆ. “ಕಾಲುವೆಗೆ ಮಂಜೂರಾತಿ ಕೇಳುವಾಗ ಮೂವತ್ತನೇ ವರ್ಷದ ಬೆಳೆಯನ್ನೂ ಲಾಭದ ಕಡೆ ಸೇರಿಸಿದ್ದೀವಿ. ಲಾಭ ಎಣಿಸೋವಾಗ ಆ ವರ್ಷ ಬೇಕು, ನಷ್ಟ ಎಣಿಸೋವಾಗ ಬೇಡವೇ?”

ಅವರು ಬರೆದುಕೊಂಡರು. ಆಮೇಲೆ ಇನ್ನೊಂದು ಕೇಳಿದರು. ಬಿಸಿಲಿಗೆ ಆಳು ಬೀಳುವುದು ಎಲ್ಲೋ ಅಪರೂಪಕ್ಕೆ ನಡೆಯುವಂಥದ್ದು, ಅದಕ್ಕೆ ಒಂದು ಸಮೀಕರಣ ಯಾಕೆ, ಈ ಸಭೆಯಲ್ಲೇ ಯಾರಾದರೂ ಕಂಡಿದ್ದಾರೆಯೇ?

ಅವ್ವಾ, ಸಭೆಯಲ್ಲಿ ಮಿಲ್ಲಿನವರು ಎಷ್ಟೋ ಜನರಿದ್ದರು. ಎಲ್ಲರೂ ಛಾವಣಿ ನೋಡಿದರು. ನನಗೆ ಗೊತ್ತಿತ್ತು, ಬಾಯಿ ಬಿಡುವಂತಿರಲಿಲ್ಲ, ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಕುರ್ಚಿ ಸರಿಯಿತು.

“ನಾ ಕಂಡೀನ್ರಿ” ಅಂದರು ಅಪ್ಪ. “ನನ್ನ ಕಣದಾಗ ಒಬ್ಬಾಕಿ ಬಿದ್ದಾಳ. ಇನ್ನ ಅಕಿಗೆ ಬಿಸಿಲಿನ ಕೆಲಸ ಆಗಂಗಿಲ್ಲ. ಬರ್ಕೊಳ್ರಿ ಸಾಹೇಬ್ರ. ಗಡಿಗೆಪ್ಪ, ಮಾನ್ವಿ. ಹೆಸರ ಸಮೇತ ಬರ್ಕೊಳ್ರಿ.”

ಆಮೇಲೆ ಕಲ್ಮಲದ ಒಬ್ಬ ರೈತ ಎದ್ದ. ಸಿರವಾರದ ಮಿಲ್ಲಿನವರೊಬ್ಬರು ಎದ್ದರು. ಗಂಜಿನ ಹಮಾಲರ ಪರವಾಗಿ ನಬೀಸಾಬ್ ಎಂಬವರು ಎದ್ದರು, ಅವರ ಮಾತು ಮುಗಿಯುವುದೇ ಇಲ್ಲವೆನಿಸಿತು.

ಎಲ್ಲ ಮುಗಿಯುವ ಹೊತ್ತಿಗೆ ಅಪ್ಪ ಮತ್ತೊಮ್ಮೆ, ಈ ಸಲ ಮೆಲ್ಲಗೆ ಕೇಳಿದರು. “ಹಂಗಾದ್ರ ದೇವದುರ್ಗದಾಗ ಏನ ಹಾಕಬೇಕ್ರಿ ಮೇಡಂ?”

“ನೀರ ಬರಲಿ, ಯಾರೂ ಬ್ಯಾಡ ಅನ್ನಂಗಿಲ್ಲ” ಅಂದೆ. “ಆದ್ರ ಆ ನೀರು ನಾಕ ಹೊಲದಾಗ ಭತ್ತಕ್ಕ ನಿಲ್ಲೂ ಬದಲಿ ನಲವತ್ತ ಹೊಲದ ತೊಗರಿಗೆ, ಶೇಂಗಾಕ್ಕ, ಜೋಳಕ್ಕ ಹೋಗಲಿ. ಮಿಲ್ ಯಾವುದ ಹಾಕಬೇಕು ಅಂತ ನಾ ಏನ ಹೇಳಲಿ, ನಿಮಗ ಗೊತ್ತದ.”

ಚಹಾ ಕೊಡುವಾಗ ಹುಡುಕಿದೆ, ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿದೆ. ದೇವದುರ್ಗದ ಬಸ್ಸು ಹೊರಟಾಗಿತ್ತು. ಕಿಟಕಿಯಲ್ಲಿ ಅವರ ರುಮಾಲು ಕಂಡಿತು. ಮಾನ್ವಿಯ ಬಸ್ಸಲ್ಲ ಅವ್ವಾ, ದೇವದುರ್ಗದ್ದು. ಯಾಕೆ ಎಂದು ನಿನಗೆ ಗೊತ್ತಾದರೆ ಬರೆ.

ನಿನ್ನ,
ಅಮರಿ


ಮಾನ್ವಿ
೨೦ ಡಿಸೆಂಬರ್ ೧೯೮೮

ಚಿ. ಅಮರಮ್ಮನಿಗೆ ಅಪ್ಪನ ಆಶೀರ್ವಾದಗಳು.

ದೇವದುರ್ಗದ ಬಸ್ಸು ಯಾಕೆ ಹತ್ತಿದೆ ಎಂದು ನಿನ್ನ ಅವ್ವನನ್ನು ಕೇಳಿದ್ದೀಯಂತೆ. ಅವಳಿಗೇನು ಗೊತ್ತು? ನಾನೇ ಹೇಳುತ್ತೇನೆ.

ಈ ವರ್ಷ ಮಳೆ ಚೆನ್ನಾಗಿತ್ತು. ದಾರಿಯ ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು. ಪಾಯ ಹಾಕಿದ ಜಾಗಕ್ಕೆ ಹೋಗಿ ನಿಂತೆ. ಸುತ್ತ ಕಣ್ಣು ಹಾಯುವ ತನಕ ಹಳದಿ. ಇಷ್ಟು ಸಲ ಹೋಗಿದ್ದೇನೆ, ಪ್ರತಿ ಸಲವೂ ಇನ್ನೂ ಬಾರದ ಭತ್ತವನ್ನೇ ನೋಡಿದ್ದೆ, ಬಂದು ನಿಂತ ತೊಗರಿಯನ್ನು ನೋಡಿರಲಿಲ್ಲ. ಈ ಸೀಮೆಯ ತೊಗರಿಯೆಲ್ಲ ಲಾರಿ ಹತ್ತಿ ದೂರದೂರಿಗೆ ಹೋಗಿ, ಬೇಳೆಯಾಗಿ, ತಿರುಗಿ ನಮ್ಮ ಸಂತೆಗೇ ಬರುತ್ತದೆ. ಎರಡೂ ಕಡೆಯ ಬಾಡಿಗೆ ನಾವೇ ಕೊಡುತ್ತೇವೆ.

ಮರುದಿನ ಗಂಜಿಗೆ ಹೋಗಿ ವಹೀದನಿಗೆ ಹೇಳಿದೆ. “ಪಾಯ ಅದ ಇರಲಿ, ಮ್ಯಾಲಿನ ಮಶೀನ ಬ್ಯಾರೆ ತರಿಸೋಣು. ಅಕ್ಕಿ ಬ್ಯಾಡ, ಬ್ಯಾಳಿ ಮಿಲ್.”

ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. “ಬೇಟಿ ಮಾತ ಕೇಳಿದ್ರೇನು?”

“ಬೇಟಿ ಮಾತಲ್ಲೋ, ಬ್ಯಾಳಿ ಮಾತ ಕೇಳೀನಿ” ಅಂದೆ.

ಅವನು ಎರಡು ದಿನ ಮುನಿಸಿಕೊಂಡ. ಮೂರನೆಯ ದಿನ ಅವನೇ ಯಂತ್ರದ ಕಂಪನಿಗೆ ಟ್ರಂಕ್ ಕಾಲ್ ಮಾಡಿದ. ಕೆಲಸವೆಲ್ಲ ಛಾವಣಿಯ ಕೆಳಗೆ. ಕಾಳು ಒಣಗಿಸುವ ಕಣಕ್ಕೂ ಅರ್ಧ ಭಾಗ ತಗಡು ಹಾಕಿಸುತ್ತಿದ್ದೇನೆ. ಕಾಲುವೆ ಬಂದು ಜನ ಭತ್ತವನ್ನೇ ಬೆಳೆದರೆ ನಿನ್ನನ್ನು ಕರೆಸಿ ಕೇಳುವವನೇ. ಅಲ್ಲಿಯ ತನಕ ನೀನು ಗೆದ್ದೆ ಎಂದೇನೂ ತಿಳಿಯಬೇಡ.

ಸಭೆಯಲ್ಲಿ ಚೆನ್ನಾಗಿ ಮಾತಾಡಿದೆ. ಲಾರಿಯ ಮಾತು ಬಹಳ ಚೆನ್ನಾಗಿತ್ತು.

ಗಡಿಗೆಪ್ಪ


ಬೆಂಗಳೂರು
೨೬ ಫೆಬ್ರುವರಿ ೧೯೮೯

ಪೂಜ್ಯ ಅಪ್ಪನವರಿಗೆ ಶರಣು.

ವರದಿ ಮುದ್ರಣಕ್ಕೆ ಹೋಯಿತು. ಅಧ್ಯಾಯ ಒಳಗಿದೆ. ಕಡತಕ್ಕೆ ಸಹಿ ಹಾಕುವಾಗ ಮುಖ್ಯಸ್ಥರು, “ನಾನು ನಿನ್ನ ಮಾತನ್ನ ಪೂರ್ತಿ ಒಪ್ಪಿದ್ದೀನಿ ಅಂತಲ್ಲ. ತೆಗೆದು ಹಾಕೋಕೆ ಕಾರಣ ಸಿಗಲಿಲ್ಲ” ಅಂದರು. ಅವರ ಬಾಯಿಂದ ಇದು ದೊಡ್ಡ ಬಿರುದು.

ಎಲ್ಲವೂ ಸಿಗಲಿಲ್ಲ. ರಾಜ್ಯದ ಬೆಳವಣಿಗೆಯ ಗುರಿಯನ್ನು ಇಳಿಸಲು ಯಾರೂ ಒಪ್ಪಲಿಲ್ಲ. ಆದರೆ ಈಗ ಪ್ರತಿ ಕೋಷ್ಟಕದಲ್ಲೂ ಎರಡು ಅಂಕಣಗಳು ಅಕ್ಕಪಕ್ಕ ನಿಂತಿವೆ: ಹವೆ ಹೀಗೆಯೇ ಇದ್ದರೆ ಎಷ್ಟು, ಬದಲಾದರೆ ಎಷ್ಟು. ಎರಡನೆಯದನ್ನು ಓದದೆ ಮೊದಲನೆಯದನ್ನು ಓದಲಾಗದು. ಬರದ ವರ್ಷದ ನಷ್ಟ ಮುಂದಿನ ವರ್ಷಗಳಿಗೂ ಹರಿಯುತ್ತದೆ ಎಂಬ ಸಮೀಕರಣವೂ ಉಳಿಯಿತು. ಹೊಸ ಕಾಲುವೆಗಳ ಅಂದಾಜನ್ನು ಕಡಿಮೆ ನೀರಿನ ವರ್ಷಕ್ಕೂ ಹಾಕಬೇಕೆಂದು ಶಿಫಾರಸು ಮಾಡಿದ್ದೇವೆ. ಮಾಡುತ್ತಾರೋ ಇಲ್ಲವೋ, ಕೇಳುತ್ತಲೇ ಇರುತ್ತೇನೆ.

ಇನ್ನೊಂದು ಚಿಕ್ಕದು. ಬೇಸಿಗೆಯ ಕೆರೆ, ರಸ್ತೆ ಕಾಮಗಾರಿಗಳಲ್ಲಿ ನಡುಹಗಲು ಕೆಲಸ ನಿಲ್ಲಿಸಬೇಕು, ಅದಕ್ಕಾಗಿ ಕೂಲಿ ಕಡಿಯಬಾರದು ಎಂಬ ನಮ್ಮ ಸಾಲನ್ನು ಆ ಯೋಜನಾ ಅಧಿಕಾರಿ ತಾವೇ ಬೆನ್ನುಹತ್ತಿದ್ದಾರೆ. ಮೊದಲು ನಮ್ಮ ಜಿಲ್ಲೆಯಲ್ಲಿ ಆದೇಶವಾಗಬಹುದು ಅನ್ನುತ್ತಾರೆ. ಆದೇಶ ಬಂದರೆ ತಿಳಿಸಿ.

ಅಧ್ಯಾಯದ ಕೆಳಗೆ ನನ್ನ ಹೆಸರು ಹಾಕಿದ್ದಾರೆ. ಅಮರಮ್ಮ ಗಡಿಗೆಪ್ಪ ಎಂದು ಪೂರ್ತಿಯಾಗಿ ಬರೆಸಿದ್ದೇನೆ.

ಅಮರಮ್ಮ


ದೇವದುರ್ಗ
೫ ಮೇ ೧೯೮೯

ಚಿ. ಅಮರಮ್ಮನಿಗೆ ಅಪ್ಪನ ಆಶೀರ್ವಾದಗಳು.

ಮಿಲ್ಲಿನ ಮೋಟಾರು ಕೂರಿಸಲು ಬಂದವನು ಇಲ್ಲಿಂದಲೇ ಬರೆಯುತ್ತಿದ್ದೇನೆ. ಮಾನ್ವಿಗೆ ಹೋಗಿ ಬರೆದರೆ ನಿನ್ನ ಅವ್ವ ಪಕ್ಕದಲ್ಲಿ ಕೂತು ಸಾಲು ಸಾಲಿಗೆ ತಿದ್ದುತ್ತಾಳೆ.

ಇಂದು ನಡುಹಗಲು ಜೀಪಿನಲ್ಲಿ ಬರುವಾಗ, ಊರಾಚೆ ಕೆರೆ ಹೂಳೆತ್ತುವ ಕಾಮಗಾರಿ ಕಂಡಿತು. ಕೆರೆಯಂಗಳದಲ್ಲಿ ಒಂದು ಆಳೂ ಇಲ್ಲ. ಬುಟ್ಟಿ ಸಲಿಕೆಗಳು ಬಿಸಿಲಲ್ಲಿ ಬಿದ್ದಿದ್ದವು. ಜನರೆಲ್ಲ ಏರಿಯ ಮೇಲಿನ ಬೇವಿನ ಮರಗಳ ಕೆಳಗೆ ಕೂತಿದ್ದರು. ಮುಷ್ಕರ ಇರಬೇಕು ಎಂದುಕೊಂಡು ಜೀಪು ನಿಲ್ಲಿಸಿ ಇಳಿದೆ.

“ಯಾಕ ಕುಂತೀರವ್ವಾ, ಕೂಲಿ ಜಗಳೇನು?”

ಎಲೆ ಅಡಿಕೆ ಹಾಕುತ್ತಿದ್ದ ಮುದುಕಿಯೊಬ್ಬಳು ಜಾಗ ಸರಿಸಿದಳು. “ಬರ್ರಿ, ನೆಳ್ಳಿಗೆ ಕುಂದರ್ರಿ. ಜಗಳ ಯಾಕ್ರಿ? ಸರಕಾರದ ಹುಕುಂ ಬಂದದ. ನಡುಹಗಲ ಬಿಸಿಲಾಗ ದುಡಿಸಬಾರದಂತ. ಕೂಲಿ ಪೂರಾ ಕೊಡ್ತಾರ.”

“ಯಾರ ಮಾಡಿದ್ರಂತ ಈ ಹುಕುಂ?”

“ಯಾರಿಗ ಗೊತ್ತ್ರೀ? ಬೆಂಗಳೂರಾಗ ಯಾರೋ ಪುಣ್ಯಾತ್ಮರು ಬರದಾರಂತ. ಹೊಟ್ಟಿ ತಣ್ಣಗಿರಲಿ.”

ಅಮರಮ್ಮ, ನಾನು ಸುಮ್ಮನಿರುವವನೇ ಇದ್ದೆ. ವ್ಯಾಪಾರದಲ್ಲಿ ತಲೆ ಬೆಳ್ಳಗಾದವನು, ಎಲ್ಲಿ ಬಾಯಿ ಮುಚ್ಚಬೇಕೆಂದು ತಿಳಿದವನು. ಆದರೂ ತಡೆಯಲಾಗಲಿಲ್ಲ.

“ಬರದಾಕಿ ನನ್ನ ಮಗಳು” ಅಂದುಬಿಟ್ಟೆ.

ಅಷ್ಟೂ ಹೆಂಗಸರು ನನ್ನತ್ತ ತಿರುಗಿದರು. ನಂಬಿದರೋ ಇಲ್ಲವೋ ತಿಳಿಯದು. ಆ ಮುದುಕಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ಚೆನ್ನಾಗಿ ನೋಡಿ ಕೇಳಿದಳು:

“ಹೌದೇನ್ರೀ? ಮತ್ತ ಅಕಿದು ಮದಿವಿ ಆಗ್ಯದೋ ಇಲ್ಲೋ?”

“ಇಲ್ಲವ್ವಾ” ಅಂದೆ. “ಅಕಿಗೆ ಇನ್ನೂ ಭಾಳ ಕೆಲಸ ಅದ.”

ಮಡಚಿದ ಎಲೆಯನ್ನು ಅವಳು ನನ್ನ ಕೈಗೆ ಕೊಟ್ಟಳು. ಹಾಕಿಕೊಂಡು, ಬಿಸಿಲು ಇಳಿಯುವ ತನಕ ಅವರ ಜೊತೆ ಅಲ್ಲೇ ಕೂತಿದ್ದೆ.

ನಿನ್ನ ಅಪ್ಪ,
ಗಡಿಗೆಪ್ಪ